ಗೆರೆಯೊಳಗಿನ ಬಣ್ಣ: ಮಕ್ಕಳ ಚಿತ್ರಪುಟದ ಕಡಲು, ತೆಂಗು, ಮನುಷ್ಯ

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಭಾನುವಾರದ ಕನ್ನಡ ವರ್ಗಕ್ಕೆ ಉಪಾಧ್ಯಾಯಿನಿಯವರು ಬಾರದೆ ಹೋದ ಒಂದು ದಿನ, ಹದಿನಾಲ್ಕು ಮಂದಿ ಮಕ್ಕಳನ್ನು ಎರಡು ಗಂಟೆಯ ಕಾಲ ಹಿಡಿದು ಕೂರಿಸುವ ಹೊಣೆ ಈ ಲೇಖಕನ ಮೇಲೆ ಬಿತ್ತು. ಬ್ಯಾಂಕಿನ ಲೆಕ್ಕದ ಪುಸ್ತಕಗಳ ನಡುವೆ ಇಪ್ಪತ್ತು ವರ್ಷ ಕಳೆದವನಿಗೆ ಮಕ್ಕಳನ್ನು ಆಳುವ ವಿದ್ಯೆ ತಿಳಿಯದು. ಕಪಾಟಿನಲ್ಲಿ ಯಾರೋ ಇಟ್ಟಿದ್ದ ಅಚ್ಚಿನ ಹಾಳೆಗಳ ಕಟ್ಟೊಂದು ಕೈಗೆ ಸಿಕ್ಕಿತು. ಒಂದು ಪುಟ್ಟ ದ್ವೀಪ, ಅದರ ನೆತ್ತಿಯಲ್ಲಿ ಬಾಗಿದ ಒಂದೇ ತೆಂಗಿನ ಮರ, ಅದರಡಿಯಲ್ಲಿ ಬಟ್ಟಲುಗಣ್ಣಿನ ಒಬ್ಬ ಹುಡುಗ, ಅವನ ಹೆಗಲ ಮೇಲೆ ಒಂದು ಗಿಳಿ, ಸುತ್ತಲೂ ಕಡಲು. ಎಲ್ಲವೂ ಬರಿಯ ಕರಿಗೆರೆ. ಮೇಣದ ಬಣ್ಣದ ಕಡ್ಡಿಗಳೂ ಇದ್ದುವು. ಹಂಚಿದೆ, ಗದ್ದಲ ನಿಂತಿತು.

ಆ ಎರಡು ಗಂಟೆಗಳಲ್ಲಿ ನಡೆದ ಎರಡು ಸಣ್ಣ ಸಂಗತಿಗಳೇ ಈ ಲೇಖನಕ್ಕೆ ಕಾರಣ. ಆರು ವರ್ಷದ ಒಬ್ಬ ಹುಡುಗಿ ಕಡಲಿಗೆಲ್ಲ ಕಂದುಬಣ್ಣವನ್ನು ಒತ್ತಿ ಒತ್ತಿ ಬಳಿಯುತ್ತಿದ್ದಳು. "ಕಡಲು ನೀಲಿಯಲ್ಲವೇನಮ್ಮ?" ಎಂದೆ. ಅವಳು ತಲೆಯೆತ್ತದೆ, "ನಾನು ದಿನಾ ನೋಡ್ತೇನೆ. ಹೀಗೇ ಇದೆ" ಎಂದಳು. ಅವಳ ಮನೆ ಮಾಹೀಮಿನ ಕಡೆ. ಇನ್ನೊಬ್ಬ ಹುಡುಗ ತನ್ನ ಡಬ್ಬಿಯನ್ನೆಲ್ಲ ಕೆದಕಿ, "ಸ್ಕಿನ್ ಕಲರ್ ಯಾರ ಹತ್ತಿರ ಇದೆ?" ಎಂದು ಕೂಗಿದ. ಪಕ್ಕದವಳು ಒಂದು ಕಡ್ಡಿ ಕೊಟ್ಟಳು. ಅದು ಹಸಿ ಸೀಗಡಿಯ ಬಣ್ಣ. ಅದನ್ನು ಇಸಿದುಕೊಳ್ಳಲು ಚಾಚಿದ ಅವನ ಕೈ ಒಳ್ಳೆಯ ಗಟ್ಟಿ ಚಹದ ಬಣ್ಣದ್ದಾಗಿತ್ತು.

ಶಾಸನ, ಛಂದಸ್ಸು, ಗ್ರಂಥಸಂಪಾದನೆಗಳ ವಿಚಾರವನ್ನು ನಿರೀಕ್ಷಿಸುವ ಈ ಪತ್ರಿಕೆಯ ವಾಚಕರಿಗೆ ಮಕ್ಕಳು ಬಣ್ಣ ತುಂಬುವ ವಿಷಯ ಹಗುರವೆಂದು ತೋರಬಹುದು. ಆದರೆ ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರ ಮನೆಗಳಲ್ಲಿ ಮಗು ಅಕ್ಷರವನ್ನು ಕಲಿಯುವುದಕ್ಕೆ ಮೊದಲೇ ಬಣ್ಣದ ಕಡ್ಡಿಯನ್ನು ಹಿಡಿಯುತ್ತದೆ. ಜಗತ್ತಿನ ವಸ್ತುಗಳಿಗೆ ಯಾವ ಬಣ್ಣ 'ಸರಿ' ಎಂಬ ತೀರ್ಪನ್ನು ಅಲ್ಲಿಯೇ ಕಲಿಯುತ್ತದೆ. ಆ ಬಣ್ಣಗಳ ಹೆಸರುಗಳು ಯಾವ ಭಾಷೆಯಲ್ಲಿ ನಾಲಗೆಗೆ ಬರಬೇಕೆಂಬುದೂ ಅಲ್ಲಿಯೇ ನಿಶ್ಚಯವಾಗಿಬಿಡುತ್ತದೆ. ಆದುದರಿಂದ ಈ ಪುಟದ ಮೂಲವೇನು, ಅದರ ಗೆರೆ ಬಣ್ಣಗಳ ಮರ್ಮವೇನು ಎಂದು ವಿಚಾರಿಸುವುದು ವ್ಯರ್ಥವಲ್ಲವೆಂದು ನಂಬಿದ್ದೇನೆ.

ಮೊದಲು 'ಕಾರ್ಟೂನು' ಎಂಬ ಮಾತನ್ನೇ ನೋಡೋಣ. ಇಟಲಿಯ ಭಾಷೆಯಲ್ಲಿ 'ಕಾರ್ಟೋನೆ' ಎಂದರೆ ದಪ್ಪ ಕಾಗದ. ಭಿತ್ತಿಚಿತ್ರಕಾರರು ಗೋಡೆಗೆ ಬಣ್ಣ ಹಾಕುವುದಕ್ಕೆ ಮುನ್ನ ಪೂರ್ಣ ಅಳತೆಯ ರೇಖಾಚಿತ್ರವನ್ನು ಇಂಥ ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲಿನ ಪುಡಿಯ ಗಂಟಿನಿಂದ ಮೇಲೆ ತಟ್ಟುತ್ತಿದ್ದರು. ತೂತುಗಳ ಮೂಲಕ ಗೋಡೆಯ ಮೇಲೆ ಚುಕ್ಕಿಗಳ ಸಾಲು ಮೂಡುತ್ತಿತ್ತು; ಅದರ ಒಳಗೆ ಬಣ್ಣ ತುಂಬುವರು. 1843ರಲ್ಲಿ ಲಂಡನ್ನಿನ ಹೊಸ ಪಾರ್ಲಿಮೆಂಟು ಭವನದ ಗೋಡೆಗಳಿಗಾಗಿ ತಯಾರಾದ ಇಂಥ ಕರಡುಚಿತ್ರಗಳ ಪ್ರದರ್ಶನ ನಡೆದಾಗ 'ಪಂಚ್' ಪತ್ರಿಕೆ ಅದನ್ನು ಅಣಕಿಸಿ, ಜಾನ್ ಲೀಚ್ ಬರೆದ ಕಟಕಿಯ ಚಿತ್ರಕ್ಕೆ 'ಕಾರ್ಟೂನು' ಎಂಬ ಹೆಸರನ್ನಿಟ್ಟಿತು. ಅಂದಿನಿಂದ ಆ ಶಬ್ದಕ್ಕೆ ವ್ಯಂಗ್ಯಚಿತ್ರವೆಂಬ ಅರ್ಥ ಅಂಟಿಕೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಚಲಿಸುವ ಚಿತ್ರಗಳೂ ಅದೇ ಹೆಸರನ್ನು ಪಡೆದುವು. ವಿನೋದವೆಂದರೆ, ಬಣ್ಣ ತುಂಬುವ ಪುಸ್ತಕದಲ್ಲಿ ಕಾರ್ಟೂನು ತನ್ನ ಹಳೆಯ ಅರ್ಥಕ್ಕೆ ಮರಳಿದೆ: ಒಬ್ಬನು ಗೆರೆ ಎಳೆದುಕೊಟ್ಟದ್ದು, ಮತ್ತೊಬ್ಬನು ಬಣ್ಣ ತುಂಬಬೇಕಾದದ್ದು.

ಗೆರೆ ಮೊದಲು, ಬಣ್ಣ ಆಮೇಲೆ ಎಂಬ ಈ ಕ್ರಮ ನಮಗೆ ಪರಕೀಯವೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರಕರ್ಮದ ಪ್ರಕರಣವೊಂದುಂಟು. ಗೋಡೆಯನ್ನು ಹದಗೊಳಿಸುವುದು, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ಸಿದ್ಧಪಡಿಸುವುದು, ಕುಂಚಗಳ ಬಗೆಗಳು, ಶುದ್ಧವರ್ಣ ಮಿಶ್ರವರ್ಣಗಳ ವಿಭಾಗ ಇವೆಲ್ಲ ಅಲ್ಲಿ ಬಂದಿವೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವಂತೂ ಬಲ್ಲವರು ರೇಖೆಯನ್ನು ಮೆಚ್ಚುವರೆಂದೂ ಸಾಮಾನ್ಯ ಜನರು ಬಣ್ಣದ ಸಮೃದ್ಧಿಗೆ ಮರುಳಾಗುವರೆಂದೂ ತೀರ್ಪು ಕೊಟ್ಟುಬಿಟ್ಟಿದೆ. ಮಕ್ಕಳನ್ನು ಅದು ಯಾವ ವರ್ಗಕ್ಕೆ ಸೇರಿಸುತ್ತಿತ್ತೋ! ಅಂಗಳದ ರಂಗವಲ್ಲಿಯಲ್ಲಿ ತಾಯಿ ಚುಕ್ಕಿಯಿಟ್ಟು ಎಳೆಯನ್ನು ಎಳೆದ ಮೇಲೆ ಹಬ್ಬದ ದಿನ ಬಣ್ಣದ ಪುಡಿ ತುಂಬುವ ಭಾಗ ಮಕ್ಕಳ ಪಾಲಿಗೆ ಬರುತ್ತಿದ್ದುದು ನಮ್ಮಲ್ಲಿ ಅನೇಕರ ನೆನಪಿನಲ್ಲಿರಬೇಕು. ಸಂತೆಯಲ್ಲಿ ಮಾರುವ ತೂತಿನ ತಗಡಿನ ರಂಗೋಲಿ ಅಚ್ಚು, ಇಟಲಿಯ ಚಿತ್ರಕಾರ ಚುಚ್ಚಿದ ಕಾಗದದ ತಮ್ಮನೇ ಸರಿ.

ಅಚ್ಚಾದ ಬಣ್ಣದ ಪುಸ್ತಕದ ಚರಿತ್ರೆ ಮಾತ್ರ ಹೊಸತು. ನ್ಯೂಯಾರ್ಕಿನ ಮ್ಯಾಕ್‌ಲಾಫ್ಲಿನ್ ಸಹೋದರರು 1880ರ ಸುಮಾರಿಗೆ, ಇಂಗ್ಲೆಂಡಿನ ಕೇಟ್ ಗ್ರೀನವೇ ಎಂಬ ಚಿತ್ರಗಾರ್ತಿಯ ರೇಖಾಚಿತ್ರಗಳನ್ನು ಬಳಸಿ ಹೊರತಂದ ಪುಸ್ತಕ ಈ ಬಗೆಯ ಮೊದಲನೆಯವುಗಳಲ್ಲಿ ಒಂದು. ಆಗ ಮಕ್ಕಳು ನೀರುಬಣ್ಣವನ್ನು ಕುಂಚದಿಂದ ಹಚ್ಚಬೇಕಾಗಿತ್ತು. ಬಟ್ಟೆ ಕೊಳೆಯಾಗುವ ಭಯದಿಂದ ಉಳ್ಳವರ ಮಕ್ಕಳಿಗೆ ಮಾತ್ರ ಇದು ಸಾಧ್ಯ. 1903ರಲ್ಲಿ ಅಮೆರಿಕದ ಬಿನ್ನಿ ಮತ್ತು ಸ್ಮಿತ್ ಸಂಸ್ಥೆ ಎಂಟು ಬಣ್ಣಗಳ ಮೇಣದ ಕಡ್ಡಿಗಳ ಡಬ್ಬಿಯನ್ನು ಐದು ಸೆಂಟಿಗೆ ಮಾರತೊಡಗಿದ ಮೇಲೆ ಆಟ ಎಲ್ಲರ ಮನೆಗೂ ಬಂತು. ಕಪ್ಪು, ಕಂದು, ನೀಲಿ, ಕೆಂಪು, ನೇರಳೆ, ಕಿತ್ತಳೆ, ಹಳದಿ, ಹಸುರು ಇವೇ ಆ ಎಂಟು. ನಮ್ಮ ಮುಂಬಯಿಯಲ್ಲಿ 1931ರಲ್ಲಿ ಮಸಿಯ ತಯಾರಿಕೆಯಿಂದ ಆರಂಭವಾದ ಕ್ಯಾಮ್ಲಿನ್ ಸಂಸ್ಥೆಯ ಒಂಟೆಯ ಗುರುತಿನ ಬಣ್ಣಗಳು ಭಾರತದ ಎರಡು ಮೂರು ತಲೆಮಾರಿನ ಮಕ್ಕಳ ಬೆರಳಿಗೆ ಅಂಟಿವೆ.

ಗೆರೆ ಹಾಕಿಕೊಟ್ಟ ಪುಟ ಮಗುವಿಗೆ ಹಿತವೇ ಎಂಬುದರ ಮೇಲೆ ವಾದವುಂಟು. 1938ರಲ್ಲಿ ಆಸ್ಟ್ರಿಯವನ್ನು ಬಿಟ್ಟು ಅಮೆರಿಕಕ್ಕೆ ಹೋಗಿ ನೆಲಸಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾಶಿಕ್ಷಣತಜ್ಞ 1947ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಬಲವಾಗಿ ಖಂಡಿಸಿದ. ಮಗು ತನ್ನಷ್ಟಕ್ಕೆ ಬರೆದ ಹಕ್ಕಿ, ಅಚ್ಚಿನ ಹಕ್ಕಿಗೆ ಬಣ್ಣ ತುಂಬಿದ ಬಳಿಕ ಅದೇ ಮಗು ಬರೆದ ಹಕ್ಕಿ, ಇವುಗಳನ್ನು ಅಕ್ಕಪಕ್ಕದಲ್ಲಿಟ್ಟು, ಎರಡನೆಯದು ಮೊದಲಿನ ಜೀವವನ್ನು ಕಳೆದುಕೊಂಡು ಅಚ್ಚಿನ ಹಕ್ಕಿಯ ನೆರಳಾಗಿರುವುದನ್ನು ತೋರಿಸಿದ. ಮಗು ಎರಡರಿಂದ ನಾಲ್ಕರ ಪ್ರಾಯದಲ್ಲಿ ಗೀಚುತ್ತದೆ. ಏಳರವರೆಗೆ ತಲೆಗೆ ನೇರ ಕಾಲು ಜೋಡಿಸಿದ ಮನುಷ್ಯರನ್ನು ಬರೆಯುತ್ತ ತನ್ನದೇ ಸಂಕೇತಗಳನ್ನು ಹುಡುಕುತ್ತದೆ. ಆಮೇಲೆ ಅವು ನೆಲೆಗೊಳ್ಳುತ್ತವೆ. ಒಂಬತ್ತರ ಸುಮಾರಿಗೆ 'ಇದ್ದ ಹಾಗೆ' ಬರೆಯಬೇಕೆಂಬ ಹಂಬಲ ಹುಟ್ಟುತ್ತದೆ ಎಂಬ ಅವನ ವಿಂಗಡಣೆ ಇಂದಿಗೂ ಶಿಕ್ಷಕರಿಗೆ ಪಾಠ. ಈ ಹುಡುಕಾಟದ ನಡುವೆ ದೊಡ್ಡವರ ಸಿದ್ಧಗೆರೆ ಬಂದು ಕುಳಿತರೆ 'ನನಗೆ ಬರೆಯಲು ಬರುವುದಿಲ್ಲ' ಎಂಬ ಕೀಳರಿಮೆ ಮೂಡುತ್ತದೆಂಬುದು ಅವನ ಆಕ್ಷೇಪ. ನಮ್ಮಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು 1949ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಮಕ್ಕಳ ಸ್ಪರ್ಧೆ, ಖಾಲಿ ಹಾಳೆಯ ಮೇಲೆ ಮಕ್ಕಳೇ ಬರೆಯಲಿ ಎಂಬ ನಿಲುವಿನದು. ಗೆರೆ ಎಳೆಯುವುದನ್ನೇ ವೃತ್ತಿಯಾಗಿಸಿಕೊಂಡವರು ತಮ್ಮ ಗೆರೆಯನ್ನು ಮಕ್ಕಳ ಮೇಲೆ ಹೇರದೆ ಹೋದುದು ಗಮನಿಸತಕ್ಕದ್ದು.

ಆದರೂ ಲೋವೆನ್‌ಫೆಲ್ಡನ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಗೆರೆಯ ಅಂಚಿನಲ್ಲಿ ಕೈಯನ್ನು ತಡೆದು ನಿಲ್ಲಿಸುವುದು ಮಣಿಕಟ್ಟಿಗೂ ಬೆರಳಿಗೂ ಒಂದು ಸಾಧನೆ. ಅಕ್ಷರ ಬರೆಯುವ ಕೈಗೆ ಅದು ಬೇಕು. ಕನ್ನಡದ ದುಂಡಕ್ಷರಗಳಿಗಂತೂ ಇನ್ನೂ ಬೇಕು. ಮೇಲಾಗಿ, ಬಣ್ಣ ತುಂಬುವಾಗ ಮಗು ಒಂಟಿಯಲ್ಲ. ಹತ್ತಿರದಲ್ಲಿ ತಾಯಿಯೋ ಅಜ್ಜನೋ ಕುಳಿತಿದ್ದರೆ ಕೈಗಿಂತ ಬಾಯಿಗೆ ಹೆಚ್ಚು ಕೆಲಸ. ಕೆಡುಕು ಬರುವುದು ಗೆರೆಯಿಂದಲ್ಲ. ಗೆರೆಯೊಳಗೆ ಯಾವ ಬಣ್ಣ ಬರಬೇಕೆಂದು ನಾವು ಮೊದಲೇ ನಿಶ್ಚಯಿಸಿಕೊಂಡಿರುವುದರಿಂದ. ಅಂದು ನಾನು ಮಾಡಿದ್ದೂ ಅದನ್ನೇ.

ಕಾರ್ಟೂನಿನ ಪಾತ್ರಗಳ ಬಣ್ಣ ಎಲ್ಲಿಂದ ಬಂತೆಂದು ವಿಚಾರಿಸಿದರೆ ಈ 'ಸರಿ' ಎಂಬುದು ಎಷ್ಟು ಸಡಿಲವೆಂದು ತಿಳಿಯುತ್ತದೆ. 1928ರಲ್ಲಿ ತೆರೆಗೆ ಬಂದ ಮಿಕ್ಕಿ ಇಲಿಗೆ ಬಣ್ಣವೇ ಇರಲಿಲ್ಲ. ಕರಿಯ ಮೈಯ ಮುಂದೆ ಕರಿಯ ಕೈ ಕಾಣದೆ ಹೋಗುತ್ತದೆಂದು ಮರುವರ್ಷ ಅದಕ್ಕೆ ಬಿಳಿಯ ಕೈಚೀಲ ತೊಡಿಸಿದರು. ಕೈಗೆ ನಾಲ್ಕೇ ಬೆರಳು ಇಟ್ಟದ್ದು ಸಾವಿರಾರು ಚಿತ್ರಗಳಲ್ಲಿ ಉಳಿಯುವ ಶ್ರಮಕ್ಕಾಗಿ. ಬಣ್ಣದ ಚಿತ್ರದಲ್ಲಿ ಅದು ಬಿಡುಗಡೆಯಾಗಿ ಕಾಣಿಸಿಕೊಂಡದ್ದು 1935ರಲ್ಲಿ. ಆ ಕಾಲದ ಚಲಚ್ಚಿತ್ರಶಾಲೆಗಳಲ್ಲಿ ಪಾರದರ್ಶಕ ಸೆಲ್ಯುಲಾಯ್ಡಿನ ಹಾಳೆಯ ಮುಂಬದಿಯಲ್ಲಿ ಮಸಿಯಿಂದ ಗೆರೆಯನ್ನು ತಿದ್ದಿ, ಅದನ್ನು ತಿರುಗಿಸಿ ಹಿಂಬದಿಯಲ್ಲಿ ಬಣ್ಣ ತುಂಬುತ್ತಿದ್ದರು. ಬಣ್ಣ ಸ್ವಲ್ಪ ಅಂಚು ಮೀರಿದರೂ ಗೆರೆಯ ಹಿಂದೆ ಮರೆಯಾಗುತ್ತಿತ್ತು. ಡಿಸ್ನಿಯ ಶಾಲೆಯಲ್ಲಿ ಈ ಕೆಲಸ ಮಾಡುತ್ತಿದ್ದವರಲ್ಲಿ ಬಹುಮಂದಿ ಸ್ತ್ರೀಯರು. ಚಿತ್ರದ ಮೇಲೆ ಅವರ ಹೆಸರು ಬರುತ್ತಿರಲಿಲ್ಲ. ದಪ್ಪ ಕರಿಗೆರೆ, ಒಳಗೆ ನೆರಳಿಲ್ಲದ ಚಪ್ಪಟೆ ಬಣ್ಣ ಎಂಬ ಕಾರ್ಟೂನಿನ ರೂಪ ಮಕ್ಕಳಿಗಾಗಿ ಹುಟ್ಟಿದ್ದಲ್ಲ, ಹೀಗೆ ಅನೇಕ ಕೈಗಳು ಹಂಚಿಕೊಂಡು ದುಡಿಯುವ ಅನುಕೂಲದಿಂದ ಹುಟ್ಟಿದ್ದು. ಮಕ್ಕಳ ಕೈಗೆ ಅದು ಒಗ್ಗಿತೆಂಬುದು ಆಮೇಲಿನ ಮಾತು.

ಇನ್ನು 1962ರಲ್ಲಿ ಅಮೆರಿಕದ ಚಿತ್ರಕಥೆಯೊಂದರಲ್ಲಿ ಹುಟ್ಟಿದ ಹಲ್ಕ್ ಎಂಬ ದೈತ್ಯನು ಮೊದಲ ಸಂಚಿಕೆಯಲ್ಲಿ ಬೂದುಬಣ್ಣದವನು. ಮುದ್ರಣದಲ್ಲಿ ಬೂದು ಒಂದೇ ಸಮನಾಗಿ ಬೀಳಲಿಲ್ಲವೆಂದು ಎರಡನೆಯದರಿಂದ ಹಸುರಾದ. ನಮ್ಮ ಮಕ್ಕಳು ಹಿಂದಿಯಲ್ಲಿ ನೋಡುವ ಜಪಾನಿನ ಡೋರೆಮಾನ್ ಬೆಕ್ಕು ಕಥೆಯ ಪ್ರಕಾರ ಮೊದಲು ಹಳದಿ. ಇಲಿಯಿಂದ ಕಿವಿ ಕಳೆದುಕೊಂಡ ಮೇಲೆ ನೀಲಿ. ಮುಂಬಯಿಯ ಪತ್ರಿಕೆಯಲ್ಲಿ ದಶಕಗಳ ಕಾಲ ಕಾಣಿಸಿಕೊಂಡ, ಮೈಸೂರಿನ ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನ ಚೌಕುಳಿಯ ಕೋಟಿನ ಬಣ್ಣ ಯಾವುದೆಂದು ಯಾರೂ ಕೇಳಲಿಲ್ಲ, ಕೇಳಬೇಕೆನ್ನಿಸಲೂ ಇಲ್ಲ.

ಇಲ್ಲಿ ಕನ್ನಡಿಗರು ಮರೆಯಬಾರದ ಒಂದು ಸಂಗತಿಯುಂಟು. 'ಅಮರ ಚಿತ್ರ ಕಥೆ' ಎಂಬ ಮಾಲೆ ಮೊದಲು ಹೊರಟದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನಿಂದ ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಪುಸ್ತಕಗಳು ಆ ಹೆಸರಿನಲ್ಲಿ ಕನ್ನಡದಲ್ಲಿ ಬಂದುವು. ಆಮೇಲೆ ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲಸಿದ ಅನಂತ ಪೈಯವರ ಸಂಪಾದಕತ್ವದಲ್ಲಿ ದೇಶದ ಕಥೆಗಳ ಮಾಲೆ ಬೆಳೆದಾಗ, ಇಂಗ್ಲಿಷಿನ 'ಕೃಷ್ಣ' ಹನ್ನೊಂದನೆಯ ಸಂಖ್ಯೆಯನ್ನು ಹೊತ್ತು ಬರಲು ಈ ಹತ್ತು ಕನ್ನಡ ಪುಸ್ತಕಗಳೇ ಕಾರಣ. ಮೊದಮೊದಲು ಖರ್ಚಿನ ಮಿತಿಯಿಂದ ಹಳದಿ, ನೀಲಿ, ಹಸುರು ಇಷ್ಟೇ ಬಣ್ಣಗಳಲ್ಲಿ ಪುಟಗಳು ಅಚ್ಚಾಗುತ್ತಿದ್ದುವು. 'ಕೃಷ್ಣ' ಎಂಬ ಶಬ್ದಕ್ಕೆ ಕಪ್ಪೆಂದೇ ಅರ್ಥ. ಆದರೆ ಚಿತ್ರದ ಕೃಷ್ಣ ನೀಲಿ. ಮಕ್ಕಳು ಇದನ್ನು ಪ್ರಶ್ನಿಸುವುದಿಲ್ಲ. ಅಂಥ ಮಕ್ಕಳಿಗೆ ತಮ್ಮ ಮೈಯ ಬಣ್ಣವನ್ನು ಮಾತ್ರ ಸೀಗಡಿಯ ಬಣ್ಣವೆಂದು ನಂಬಿಸುವುದು ಹೇಗೆ ಸಾಧ್ಯವಾಯಿತು?

ಡಬ್ಬಿಯ ಮೇಲಿನ ಹೆಸರಿನಿಂದ. ಕ್ರೆಯೋಲ ಡಬ್ಬಿಗಳಲ್ಲಿ ಆ ನಸುಗುಲಾಬಿಯ ಕಡ್ಡಿಗೆ 'ಮೈಬಣ್ಣ' ಎಂಬರ್ಥದ ಹೆಸರೇ ಇತ್ತು. ಅಮೆರಿಕದಲ್ಲಿ ಕರಿಯರ ನಾಗರಿಕ ಹಕ್ಕುಗಳ ಚಳುವಳಿ ನಡೆಯುತ್ತಿದ್ದ 1962ರಲ್ಲಿ ಅದನ್ನು 'ಪೀಚ್' ಹಣ್ಣಿನ ಹೆಸರಿಗೆ ಬದಲಿಸಿದರು. 2020ರಲ್ಲಿ ಅದೇ ಸಂಸ್ಥೆ ಮನುಷ್ಯರ ಮೈಬಣ್ಣಕ್ಕೆಂದೇ 24 ಛಾಯೆಗಳ ಡಬ್ಬಿಯನ್ನು ತಂದಿತು. ಅಲ್ಲಿ ಬಿಟ್ಟುಕೊಟ್ಟ ಹೆಸರನ್ನು ನಮ್ಮ ಮಕ್ಕಳು ಇಂದಿಗೂ ಆಡುತ್ತಾರೆ. ನಾವು ನಗಬೇಕಾಗಿಲ್ಲ, ನಮ್ಮ ವಧೂವರರ ಜಾಹೀರಾತಿನ ಅಂಕಣದಲ್ಲಿ ಆ ಕಡ್ಡಿಗೆ ಬೇಡಿಕೆ ಕುಗ್ಗಿದಂತೆ ಕಾಣುವುದಿಲ್ಲ. ಕನ್ನಡವಾದರೋ ಈ ವಿಷಯದಲ್ಲಿ ಡಬ್ಬಿಗಿಂತ ಉದಾರಿ. ಗೋಧಿಬಣ್ಣ, ಎಣ್ಣೆಗೆಂಪು, ನಸುಗಪ್ಪು, ಎಣ್ಣೆಗಪ್ಪು ಎಂದು ನಮ್ಮ ಅಜ್ಜಿಯಂದಿರು ಮನುಷ್ಯರನ್ನು ವರ್ಣಿಸುತ್ತಿದ್ದರು. 'ಎಣ್ಣೆ' ಎಂಬ ಒಂದೇ ಮಾತಿನಿಂದ ಬಣ್ಣದೊಡನೆ ಹೊಳಪನ್ನೂ ಹೇಳಿಬಿಡುವ ಚಾತುರ್ಯ ಯಾವ ಕಾರಖಾನೆಯವರಿಗೆ ಹೊಳೆದೀತು?

ಈಗ ಕಡಲಿಗೆ ಬರೋಣ. ಚಿತ್ರಪುಟದ ದ್ವೀಪಕ್ಕೆ ನೀಲಿ ಕಡಲು ಬೇಕೆಂಬುದು ಎಲ್ಲರ ಎಣಿಕೆ. ಕಡಲು ನೀಲಿ ಏಕೆ? ಆಕಾಶದ ನೀಲಿ ಅದರಲ್ಲಿ ಪ್ರತಿಫಲಿಸುವುದರಿಂದ ಎಂದು ಲಾರ್ಡ್ ರೇಲಿಯಂಥ ವಿಜ್ಞಾನಿಯೇ ಹೇಳಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ 'ನಾರ್ಕುಂಡಾ' ಹಡಗಿನಲ್ಲಿ ಮುಂಬಯಿಗೆ ಮರಳುತ್ತಿದ್ದ ಸಿ. ವಿ. ರಾಮನ್ ಅವರಿಗೆ ಇದು ಸಮಾಧಾನವಾಗಲಿಲ್ಲ. ಅವರು ನೀರಿನ ಮೇಲ್ಮೈಯ ಪ್ರತಿಫಲನವನ್ನು ಅಡಗಿಸಬಲ್ಲ ನಿಕೋಲ್ ಎಂಬ ಸ್ಫಟಿಕದ ಮೂಲಕ ಕಡಲನ್ನು ನೋಡಿದರು. ಆಕಾಶದ ಬಿಂಬ ಅಳಿದರೂ ನೀಲಿ ಉಳಿಯಿತು; ಇನ್ನೂ ಗಾಢವಾಯಿತು. ನೀಲಿ ನೀರಿನ ಒಳಗಿನದೇ ಎಂದು ಅವರು ಸಾಧಿಸಿದರು; ಆ ವಿಷಯವಾಗಿ 'ನೇಚರ್' ಪತ್ರಿಕೆಗೆ ಬರೆದ ಪತ್ರ ಅದೇ ವರ್ಷ ಅಚ್ಚಾಯಿತು. ನೀರಿನ ಅಣುಗಳು ಬೆಳಕನ್ನು ಚೆದರಿಸುವ ಬಗೆಯನ್ನು ಬೆನ್ನುಹತ್ತಿದ ಆ ದಾರಿಯೇ 1928ರ ಫೆಬ್ರವರಿ 28ರಂದು ಅವರ ಹೆಸರಿನ ಪರಿಣಾಮಕ್ಕೆ ಮುಟ್ಟಿತು. ರಾಮನ್ ಅವರು 1917ರವರೆಗೆ ಸರಕಾರದ ಹಣಕಾಸಿನ ಇಲಾಖೆಯಲ್ಲಿ ಲೆಕ್ಕದ ಅಧಿಕಾರಿಯಾಗಿದ್ದುಕೊಂಡೇ ಸಂಜೆಗಳನ್ನು ಪ್ರಯೋಗಶಾಲೆಯಲ್ಲಿ ಕಳೆಯುತ್ತಿದ್ದರೆಂಬುದು ನನ್ನ ವೃತ್ತಿಯವರಿಗೆ ಒಂದು ಸಣ್ಣ ಸಮಾಧಾನ.

ಅಣುಗಳ ಚೆದರಿಕೆಯೊಂದೇ ಅಲ್ಲ, ನೀರು ಬೆಳಕಿನ ಕೆಂಪು ಭಾಗವನ್ನು ನುಂಗುವುದೂ ಈ ನೀಲಿಗೆ ಮುಖ್ಯ ಕಾರಣವೆಂದು ಈಗ ತಿಳಿದಿದೆ. ಲೋಟದ ನೀರಿನಲ್ಲಿ ಅದು ಕಾಣದು. ಹತ್ತು ಮೀಟರು ಆಳಕ್ಕೆ ಹೋಗುವ ಹೊತ್ತಿಗೆ ಕೆಂಪು ಬಹುಮಟ್ಟಿಗೆ ಅಳಿದುಹೋಗಿ, ಮುಳುಗುಗಾರನ ಕೆಂಪಂಗಿ ಮಸಕು ಬೂದಾಗಿ ಕಾಣುತ್ತದೆ. ಹವಳದ ದ್ವೀಪಗಳ ಒಳಗಡಲಿನಲ್ಲಿ ನೀರು ಕೆಲವೇ ಮೀಟರು ಆಳ, ತಳದಲ್ಲಿ ಹವಳದ ಬಿಳಿಯ ಮರಳು. ಬೆಳಕು ಕೆಳಗಿಳಿದು, ಕೆಂಪನ್ನು ಸ್ವಲ್ಪ ಕಳೆದುಕೊಂಡು, ಬಿಳಿಮರಳಿಗೆ ತಾಗಿ ಹಿಂದಿರುಗುವಾಗ ಹಸುರುಬೆರೆತ ತಿಳಿನೀಲಿಯಾಗುತ್ತದೆ. ಹವಳದ ದಂಡೆಯಾಚೆ ತಳ ಧುಮುಕಿದೊಡನೆ ಕಡುನೀಲಿ. ಚಿತ್ರಪುಟದ ದ್ವೀಪಕ್ಕೆ ಒಂದೇ ನೀಲಿ ಹಚ್ಚಿದರೆ ತಪ್ಪಾಗುವುದು ಇಲ್ಲಿ: ದಡದ ಬಳಿ ಒಂದು, ಆಚೆಗೆ ಇನ್ನೊಂದು, ನಡುವೆ ನೊರೆಯ ಬಿಳಿಯ ಗೆರೆ.

ಮುಂಬಯಿಯ ಕಡಲಿನಲ್ಲಿ ಇದಾವುದೂ ನಡೆಯದು. ಕರಾವಳಿ ಆಳವಿಲ್ಲದ್ದು, ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರ 4-5 ಮೀಟರು ಏರಿಳಿದು ತಳವನ್ನು ಕದಡುತ್ತದೆ, ಮಾಹೀಮು, ಠಾಣೆಗಳ ಖಾರಿಗಳು ಕೆಸರನ್ನು ತಂದು ಸುರಿಯುತ್ತವೆ, ಊರಿನ ಕೊಳೆಯೂ ಸೇರುತ್ತದೆ. ತೇಲುವ ಮಣ್ಣಿನ ಕಣ ಎಲ್ಲ ಬಣ್ಣದ ಬೆಳಕನ್ನೂ ಚೆದರಿಸುತ್ತದೆ, ಕೊಳೆತ ಎಲೆಕಡ್ಡಿಗಳ ಸಾರ ನೀಲಿಯನ್ನು ನುಂಗುತ್ತದೆ. ಉಳಿಯುವುದು ಕಂದು. ಎಂದಮೇಲೆ ಮಾಹೀಮಿನ ಹುಡುಗಿ ಹೇಳಿದ್ದು ಅಕ್ಷರಶಃ ಸತ್ಯ. ರಾಮನ್ ಅವರಂತೆ ಅವಳೂ ಕಡಲನ್ನು ನೋಡಿ ಹೇಳಿದಳು. ನಾನು ಕ್ಯಾಲೆಂಡರನ್ನು ನೆನೆದು ಹೇಳಿದೆ.

ಅಚ್ಚಿನ ದ್ವೀಪ ಎಲ್ಲಿಯದು? 1719ರ ರಾಬಿನ್ಸನ್ ಕ್ರೂಸೋವಿನ ಮೊಮ್ಮಗನಿರಬೇಕು. ವ್ಯಂಗ್ಯಚಿತ್ರಕಾರರ ಕೈಯಲ್ಲಿ ಅದು ಕುಗ್ಗಿ ಕುಗ್ಗಿ ಒಂದು ಮರ, ಒಬ್ಬ ಮನುಷ್ಯನಷ್ಟಾಯಿತು. ಆದರೆ ಕನ್ನಡಿಗರಿಗೆ ತೆಂಗಿನ ದ್ವೀಪವನ್ನು ಕಾಣಲು ಶಾಂತಸಾಗರಕ್ಕೆ ಹೋಗುವ ಕಾರಣವಿಲ್ಲ. ಲಕ್ಷದ್ವೀಪದ ಅಮೀನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಗಳೆಂಬ ಉತ್ತರದ ದ್ವೀಪಗಳು ಟಿಪ್ಪುವಿನ ಕೈಯಿಂದ 1799ರಲ್ಲಿ ಕಂಪನಿಗೆ ಸೇರಿ, ಮಂಗಳೂರಿನಿಂದ ಆಳಲ್ಪಟ್ಟು, 1956ರ ನವೆಂಬರ್ ಒಂದರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದುವು. ಕರ್ನಾಟಕ ಒಂದಾದ ದಿನವೇ ಅವು ನಮ್ಮಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಸೇರಿದುವೆಂಬುದನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ನಾನು ಕೇಳಿಲ್ಲ. ಲಕ್ಷದ್ವೀಪಗಳೆಲ್ಲ ಸೇರಿ ನೆಲ 32 ಚದರ ಕಿಲೋಮೀಟರು ಮಾತ್ರ. ಇನ್ನು ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ ತೆಂಗೂ ಉಂಟು, ಬಿಳಿಯ ಚಿಪ್ಪುಗಳ ದಡವೂ ಉಂಟು. ಆದರೆ ಅವು ಹವಳದವಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬಿರಿದು ಬೇರೆಯಾದ ಕಾಲದ ಲಾವಾರಸ ತಣಿದು, ಕುಗ್ಗಿ, ಕಂಬಕಂಬವಾಗಿ ಒಡೆದ ಕರಿಯ ಬಂಡೆ. ದ್ವೀಪಕ್ಕೆ ಹಳದಿ ಮರಳು ಹಚ್ಚುವ ಮಗುವಿಗೆ ಇದನ್ನು ತೋರಿಸಿದರೆ ಕರಿಯ ಕಡ್ಡಿಗೂ ಕೆಲಸ ಸಿಗುತ್ತದೆ.

ತೆಂಗಿನ ವಿಷಯದಲ್ಲಂತೂ ಚಿತ್ರಪುಟ ಬಡವೆಂದೇ ಹೇಳಬೇಕು. ಕಾಂಡಕ್ಕೆ ಕಂದು, ಗರಿಗೆ ಹಸುರು, ಮರದ ಮೇಲೆ ಮೂರು ಕಂದು ಚೆಂಡು ಇದು ಅದರ ಪಾಠ. ಕರಾವಳಿಯ ಯಾವ ಮಗುವೂ ಇದನ್ನು ಒಪ್ಪದು. ಕಾಂಡ ಬೂದು, ಮಳೆಗಾಲದಲ್ಲಿ ಹಾವಸೆಯಿಂದ ನಸುಹಸುರು. ಸುಳಿಯ ಎಳೆಗರಿ ತಿಳಿಹಳದಿ, ನಡುವಿನದು ಹಸುರು, ಕೆಳಗೆ ಜೋತ ಮಡಲು ಕಂದು: ಒಂದೇ ಮರದಲ್ಲಿ ಮೂರು ಪ್ರಾಯ. ಕಂದುಬಣ್ಣದ ನಾರುಚೆಂಡು ಸುಲಿದ ಕಾಯಿ. ಅದು ಮರದಲ್ಲಿರುವುದಿಲ್ಲ, ಅಂಗಡಿಯಲ್ಲಿರುತ್ತದೆ. ಮರದಲ್ಲಿರುವುದು ಹಸುರು, ಇಲ್ಲವೆ ಗೆಂದಾಳಿಯಾದರೆ ಕಿತ್ತಳೆಗೆಂಪು. ಸುಲಿದ ಕಾಯನ್ನು ಮಾತ್ರ ಕಂಡ ಚಳಿದೇಶದ ಚಿತ್ರಕಾರ ಅದನ್ನೇ ಮರಕ್ಕೆ ಕಟ್ಟಿದ್ದಾನೆ. ಮರ ಬಾಗಿದ್ದು ಮಾತ್ರ ನಿಜ. ನೀರಿನ ಮೇಲಿನ ತೆರವಿನಲ್ಲಿ ಬೆಳಕು ಹೆಚ್ಚು, ದಡದ ಮರಳು ಕೊಚ್ಚಿ ಬೇರು ಸಡಿಲ. ಎರಡರಿಂದಲೂ ತೆಂಗು ಕಡಲ ಕಡೆಗೆ ಓಲುತ್ತದೆ.

ಹೀಗೆ ಮಾತಾಡುತ್ತ ಹೋದರೆ ಬಣ್ಣಗಳ ಹೆಸರು ಬೇಕಾಗುತ್ತದೆ. ನಮ್ಮ ವರ್ಗದ ಮಕ್ಕಳಿಗೆ ಕೆಂಪು, ಹಸುರು, ಹಳದಿ ಗೊತ್ತು. ಮಿಕ್ಕವು ಇಂಗ್ಲಿಷು ಅಥವಾ ಹಿಂದಿ. ಕನ್ನಡದ ಅಚ್ಚ ಬಣ್ಣದ ಬೇರುಗಳು ಕೆಲವೇ: ಕರಿದು, ಬಿಳಿದು, ಕೆಂಪು, ಹಸುರು. ಹಸುರು 'ಹಸಿ'ಯ ನೆಂಟ; ಒಣಗದೆ ಇರುವುದೇ ಹಸುರು. ನೀಲಿ, ಹಳದಿಗಳು ಸಂಸ್ಕೃತ ಮೂಲದವು, ಅವೂ ನೀಲಿಯ ಗಿಡ, ಹರಿದ್ರಾ ಎಂಬ ಅರಿಶಿನಗಳಿಂದ ಬಂದುವು. 1969ರಲ್ಲಿ ಬರ್ಲಿನ್ ಮತ್ತು ಕೇ ಎಂಬ ಅಮೆರಿಕದ ವಿದ್ವಾಂಸರು ಅನೇಕ ಭಾಷೆಗಳನ್ನು ಹೋಲಿಸಿ, ಮೊದಲು ಕಪ್ಪು ಬಿಳುಪು, ಆಮೇಲೆ ಕೆಂಪು, ಬಳಿಕ ಹಸುರು ಹಳದಿ, ಅನಂತರ ನೀಲಿ, ಕಂದು, ಕಡೆಗೆ ನೇರಳೆ, ಗುಲಾಬಿ, ಕಿತ್ತಳೆ, ಬೂದು ಎಂಬ ಸರದಿಯಲ್ಲಿ ಹೆಸರುಗಳು ಹುಟ್ಟುತ್ತವೆಂದು ವಾದಿಸಿದರು. ವಾದಕ್ಕೆ ತಿದ್ದುಪಡಿಗಳು ಬಂದಿವೆ. ಆದರೂ ಕನ್ನಡದಲ್ಲಿ ಆ ಕಡೆಯ ನಾಲ್ಕೂ ವಸ್ತುಗಳ ಹೆಸರಿನಿಂದಲೇ ಬಂದಿರುವುದು ಕುತೂಹಲಕರ: ಎರಡು ಹಣ್ಣು, ಒಂದು ಹೂವು, ಒಲೆಯ ಬೂದಿ. 'ಕಂದು' ಎಂಬುದೋ ಕ್ರಿಯಾಪದ, ಬಾಡುವುದು, ಕಳೆಗುಂದುವುದು. ಕೊಟ್ಟಿಗೆಯವರು ದನದ ಕಂದಿಗೆ 'ಕೆಂದ' ಎನ್ನುತ್ತಿದ್ದರು. ನೇರಳೆಹಣ್ಣನ್ನು ತಿಂದು ನಾಲಗೆ ನೋಡಿಕೊಳ್ಳದ ಮಗುವಿಗೆ ಈ ಹೆಸರು ಬರಿಯ ಶಬ್ದ. ಮಾರನೆಯ ವಾರ ದಾದರಿನ ಮಾರುಕಟ್ಟೆಯಿಂದ ಅರ್ಧ ಕಿಲೋ ನೇರಳೆ ತಂದೆ. ಪಾಠ ಚೆನ್ನಾಗಿ ಆಯಿತು. ಮೇಜಿನ ಹೊದಿಕೆ ಹಾಳಾಯಿತು.

ಆ ವಾರ ಮತ್ತೆ ಅದೇ ದ್ವೀಪದ ಹಾಳೆ ಕೊಟ್ಟೆವು. ಮೇಣದ ಕಡ್ಡಿಯ ಗುಟ್ಟು ಎರಡೇ. ಮೇಣ ನೀರನ್ನು ತಳ್ಳುತ್ತದೆ; ಆದಕಾರಣ ಬಿಳಿಯ ಕಡ್ಡಿಯಿಂದ ನೊರೆಯನ್ನು ಗೀಚಿ ಮೇಲೆ ತೆಳುವಾದ ನೀಲಿ ನೀರುಬಣ್ಣ ಹಾಯಿಸಿದರೆ ಕಾಣದೆ ಇದ್ದ ನೊರೆ ಮೇಲೆದ್ದು ಬರುತ್ತದೆ. ಅದನ್ನು ಕಂಡು ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಕೋಣೆಯ ಕಾರ್ಯಕಾರಿ ಸಮಿತಿಯ ಸಭೆ ಕ್ಷಣಕಾಲ ನಿಂತಿತಂತೆ. ಎರಡನೆಯದು, ತಿಳಿಬಣ್ಣ ಮೊದಲು, ಗಾಢಬಣ್ಣ ಮೇಲೆ. ಹಳದಿಯ ಮೇಲೆ ನೀಲಿಯನ್ನು ಹಗುರಾಗಿ ಎಳೆದರೆ ಒಳಗಡಲಿನ ಹಸುರು. ನೀಲಿಯ ಮೇಲೆ ಹಳದಿ ಎಳೆದರೆ ಕಡ್ಡಿಯ ತುದಿ ಕೊಳೆಯಾಗುತ್ತದೆ, ಬಣ್ಣವೂ ಮಂಕು. ಮಾಹೀಮಿನ ಹುಡುಗಿ ಈ ಸಲ ದಡದ ಬಳಿ ತನ್ನ ಕಂದನ್ನೇ ಇಟ್ಟು, ಬಲು ದೂರದಲ್ಲಿ ಒಂದು ನೀಲಿ ಪಟ್ಟಿಯನ್ನು ಸೇರಿಸಿದಳು. "ಅಲ್ಲಿಯತನಕ ದೋಣಿಯಲ್ಲಿ ಹೋಗಬೇಕು" ಎಂದಳು.

ಮೈಬಣ್ಣ ಕೇಳಿದ್ದ ಹುಡುಗನಿಗೆ ಕಡ್ಡಿ ಕೊಡಲಿಲ್ಲ. ನಿನ್ನ ಕೈಗೆ ಹೋಲುವವರೆಗೆ ಬೆರೆಸು ಎಂದೆ. ಅವನು ಕಿತ್ತಳೆಯನ್ನು ಹಗುರಾಗಿ ಹಚ್ಚಿ, ಅದರ ಮೇಲೆ ಕಂದನ್ನು ಎರಡು ಸಲ ಎಳೆದು, ಪ್ರತಿ ಸಲವೂ ಮೊಣಕೈಯನ್ನು ಹಾಳೆಯ ಪಕ್ಕದಲ್ಲಿಟ್ಟು ನೋಡಿದ. ಮೂರನೆಯ ಬಾರಿಗೆ ದ್ವೀಪದ ಹುಡುಗನೂ ಅವನೂ ಒಂದೇ ಬಣ್ಣದವರಾದರು. ಇದಕ್ಕೆ ಏನು ಹೆಸರೆಂದು ಕೇಳಿದರೆ, ಹಾಳೆಯ ಹಿಂಬದಿಯಲ್ಲಿ ಕಷ್ಟಪಟ್ಟು ಕನ್ನಡದಲ್ಲಿ ಬರೆದುಕೊಟ್ಟ: 'ಚಾ ಬಣ್ಣ'. ಉಪಾಧ್ಯಾಯಿನಿಯವರು 'ಚಹಾ' ಎಂದು ತಿದ್ದಲು ಕೆಂಪು ಲೇಖಣಿಯನ್ನೆತ್ತಿದರು. ನಮ್ಮ ಕುಂದಾಪುರದ ಕಡೆ 'ಚಾ' ಎಂದೇ ಅನ್ನುತ್ತಾರೆಂದು ಹೇಳಿ ನಾನು ಹಾಳೆಯನ್ನು ಬಿಡಿಸಿಕೊಂಡೆ.